ಕ್ಲೆಮೆಂಟಿಯಿಂದ ಉಬಿಗೆ ಒಬ್ಬಳೇ

ಮಗಳಿಗೆ ಹದಿನೆಂಟು ತುಂಬಿದ ದಿನ ಶ್ಯಾವಿಗೆ ಪಾಯಸ ಮಾಡಿದ್ದೆ. ಅವಳು ಲೋಟದ ತಳಕ್ಕೆ ಅಂಟಿದ ದ್ರಾಕ್ಷಿಯನ್ನು ಬೆರಳಲ್ಲಿ ಕೆರೆದು ತಿನ್ನುತ್ತಾ ಖುಷಿಯಾಗಿದ್ದಳು. ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ಪಾತ್ರೆ ತೊಳೆಯುವ ನೆಪದಲ್ಲಿ ಅಳುತ್ತಿದ್ದೆ. ಸಿಂಗಪುರದಲ್ಲಿ ಅವಳಂಥ ಮಕ್ಕಳ ಶಾಲೆ ಹದಿನೆಂಟಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ನಮ್ಮ ಬ್ಲಾಕಿನ ಕೆಳಗೆ ಶಾಲೆಯ ವ್ಯಾನ್ ಬರುತ್ತಿತ್ತು, ಒಬ್ಬ ಆಂಟಿ ಇಳಿದು ಕೈ ಹಿಡಿದು ಹತ್ತಿಸಿ ಬೆಲ್ಟ್ ಹಾಕುತ್ತಿದ್ದರು, ಮಧ್ಯಾಹ್ನ ಹಾಗೇ ತಂದು ಒಪ್ಪಿಸುತ್ತಿದ್ದರು. ಎಲ್ಲ ಅಚ್ಚುಕಟ್ಟು. ಹದಿನೆಂಟಾದ ಮೇಲೆ ಇವಳು ಯಾರ ಜವಾಬ್ದಾರಿ ಎಂದು ಕೇಳಿದರೆ ಮಾತ್ರ, ಪ್ರತಿಯೊಂದು ಕಚೇರಿಯವರೂ ಬಹಳ ಮರ್ಯಾದೆಯಿಂದ ಇನ್ನೊಂದು ಕಚೇರಿಯ ಕಡೆಗೆ ಕೈ ತೋರಿಸುತ್ತಿದ್ದರು.

ಮೈಸೂರಿನ ನಮ್ಮ ನೆಂಟರು ಅವಳನ್ನು ‘ಸ್ವಲ್ಪ ನಿಧಾನ’ ಎನ್ನುತ್ತಾರೆ. ಇಲ್ಲಿನ ಡಾಕ್ಟರು ಕಲಿಕೆಯ ನ್ಯೂನತೆ ಎಂದು ಉದ್ದವಾಗಿ ಹೇಳಿದ್ದರು. ಎರಡರಲ್ಲಿ ನನಗೆ ನೆಂಟರ ಮಾತೇ ಸರಿ ಕಾಣುತ್ತದೆ, ಆದರೆ ಅವರು ಅದನ್ನು ಹೇಳುವಾಗ ಮಾಡುವ ಮುಖ ಸರಿ ಕಾಣುವುದಿಲ್ಲ. ಅವಳಿಗೆ ಗಡಿಯಾರ ತಿಳಿಯದು. ಓದಲು ನಾಲ್ಕಾರು ಪದ ಬರುತ್ತದೆ. ಒಂದು ಕೆಲಸ ಕಲಿಸಬೇಕಾದರೆ ನಮ್ಮ ಜೀವ ಹಣ್ಣಾಗುತ್ತದೆ, ಆದರೆ ಒಮ್ಮೆ ಕಲಿತಳೆಂದರೆ ಬ್ರಹ್ಮ ಬಂದರೂ ಬಿಡಿಸಲಾಗದು. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಬೆಳಗುವ ತನಕ ಕಂಬದ ಪಕ್ಕ ಕದಲದೆ ನಿಂತಿರುತ್ತಾಳೆ. ಇನ್ನು ಯಾರನ್ನಾದರೂ ಅಂಕಲ್ ಅಥವಾ ಆಂಟಿ ಎಂದು ಕರೆದಮೇಲೆ ಅವರು ಹೇಳಿದ್ದೆಲ್ಲ ಅವಳಿಗೆ ವೇದವಾಕ್ಯ. ಈ ಊರಿನಲ್ಲಿ ಅಂಕಲ್ ಆಂಟಿ ಅಲ್ಲದವರು ಯಾರಿದ್ದಾರೆ? ಊಟದಂಗಡಿಗಳಿರುವ ಹಾಕರ್ ಸೆಂಟರಿನ ಟೇಬಲ್ ಒರೆಸುವವರಿಂದ ಹಿಡಿದು ಲಿಫ್ಟಿನಲ್ಲಿ ಸುಮ್ಮನೆ ನಿಂತ ಅಪರಿಚಿತನ ತನಕ ಎಲ್ಲರೂ ಅಂಕಲ್ಲೇ. ನನ್ನ ಹೊಟ್ಟೆಯಲ್ಲಿ ಸದಾ ಕಾಲ ಕೂತಿದ್ದ ಭಯ ಇದೇ. ಯಾರೋ ಒಬ್ಬ ಅಂಕಲ್ ನಗುತ್ತಾ ‘ಬಾ’ ಎನ್ನುತ್ತಾನೆ, ಇವಳು ನಗುತ್ತಾ ಹೋಗುತ್ತಾಳೆ.

ಹಾಗೆಂದು ನಾನು ಹುಟ್ಟಾ ಪುಕ್ಕಲಿಯಲ್ಲ. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದಾಗ ನನ್ನ ಬಾಯಿಗೆ ಹೆದರಿ ಮೀಟಿಂಗ್ ಮುಂದೂಡುತ್ತಿದ್ದವರಿದ್ದರು. ಮಗಳ ವಿಷಯ ಬಂದಾಗ ಆ ಬಾಯಿ ಇನ್ನೂ ಜೋರಾಗುತ್ತಿತ್ತು, ಒಳಗೆ ಮಾತ್ರ ಧೈರ್ಯ ಉಳಿದಿರುತ್ತಿರಲಿಲ್ಲ.

ಶಾಲೆ ಮುಗಿದು ಬಹಳ ತಿಂಗಳು ಅವಳು ಮನೆಯಲ್ಲೇ ಕೂತಳು. ನೋಡನೋಡುತ್ತಿದ್ದಂತೆ ಮಾತು ಕಡಿಮೆಯಾಯಿತು, ಟಿ.ವಿ. ಮುಂದೆ ಬೆಳಿಗ್ಗೆ ಕೂತರೆ ಸ್ನಾನಕ್ಕೂ ಏಳಲೊಲ್ಲಳು. ಆಗ ಉಬಿಯಲ್ಲಿ, ಗ್ಯಾರೇಜು ಮತ್ತು ಸಣ್ಣ ಫ್ಯಾಕ್ಟರಿಗಳ ನಡುವೆ, ಇಂಥವರಿಗೆಂದೇ ಇರುವ ಒಂದು ಕೆಲಸದ ಮನೆಯಲ್ಲಿ ಜಾಗ ಖಾಲಿಯಾಯಿತು. ಬಿಸ್ಕತ್ತು, ಟೀ ಪೊಟ್ಟಣಗಳನ್ನು ಉಡುಗೊರೆಯ ಡಬ್ಬಿಗಳಿಗೆ ತುಂಬಿ ರಿಬ್ಬನ್ ಕಟ್ಟುವ ಕೆಲಸ. ಮಗಳು ಒಂದು ದಿನ ಅಲ್ಲಿ ಕೂತು ಬಂದವಳು ರಾತ್ರಿ ಊಟಕ್ಕೆ ಕೂತಾಗ ತಾನಾಗಿ ಮಾತಾಡಿದಳು. “ನಾಳೆ ಕೆಲಸ,” ಎಂದಳು. ಆದರೆ ಅಲ್ಲಿನ ಮ್ಯಾನೇಜರ್ ಒಂದು ಷರತ್ತು ಹಾಕಿದ್ದರು. ಅವರ ವ್ಯಾನಿನಲ್ಲಿ ಜಾಗವಿಲ್ಲ. ಮೂರು ತಿಂಗಳೊಳಗೆ ಅವಳು ತಾನೇ ಓಡಾಡುವುದನ್ನು ಕಲಿತರೆ ಜಾಗ ಅವಳದು, ಇಲ್ಲವಾದರೆ ಸರದಿಯಲ್ಲಿ ಹಿಂದೆ ನಿಂತವರದು.

ನಮ್ಮ ಮನೆ ಕ್ಲೆಮೆಂಟಿಯಲ್ಲಿ. ಉಬಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಎಂ.ಆರ್.ಟಿ.ಯಲ್ಲಿ ಊರಿನ ಈ ತುದಿಯಿಂದ ಆ ಕಡೆಯ ಪಾಯಾ ಲೇಬಾರ್ ತನಕ ಹೋಗಿ, ಅಲ್ಲಿಂದ ಬಸ್ಸು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ಕಳಿಸಿದರೆ ಕಳೆದುಕೊಳ್ಳುತ್ತೇನೆ, ಕಳಿಸದಿದ್ದರೆ ಸೋಫಾದ ಮೇಲೆ ಕೂತಲ್ಲೇ ಕಳೆದುಹೋಗುತ್ತಾಳೆ.

ನಮ್ಮಂಥ ತಂದೆತಾಯಂದಿರು ಕೆಲವರು ಸೇರಿಕೊಂಡು ಕಮ್ಯುನಿಟಿ ಕ್ಲಬ್ಬಿನ ಒಂದು ಕೋಣೆಯಲ್ಲಿ ಸಭೆ ಸೇರುತ್ತಿದ್ದೆವು. ಸ್ಟೇಷನ್ನಿನಿಂದ, ಬಸ್ಸಿನವರಿಂದ, ಪೊಲೀಸ್ ಪೋಸ್ಟಿನಿಂದ ಒಬ್ಬೊಬ್ಬರನ್ನು ಕರೆಸುತ್ತಿದ್ದೆವು. ಅವರು ಬಂದು ಕರಿ ಪಫ್ ತಿಂದು, “ವಿ ಟೇಕ್ ನೋಟ್” ಎಂದು ಹೋಗುತ್ತಿದ್ದರು. ಒಂದು ಸಲ ನನಗೆ ತಡೆಯಲಾಗಲಿಲ್ಲ. ನಮ್ಮ ಪಫ್ ನಿಮ್ಮ ಹೊಟ್ಟೆಗೆ ಹೋಗುವುದು ಕಾಣುತ್ತದೆ, ನಿಮ್ಮ ನೋಟ್ ಎಲ್ಲಿಗೆ ಹೋಗುತ್ತದೋ ಕಾಣುವುದಿಲ್ಲ ಎಂದುಬಿಟ್ಟೆ. ಸ್ಟೇಷನ್ನಿನ ಅಧಿಕಾರಿಗೆ ನಗು ಬಂತು, ಮತ್ತೆ ಕೂತರು. ಮೇಡಂ, ಪ್ರತಿಯೊಬ್ಬ ಪ್ರಯಾಣಿಕರ ಹಿಂದೆ ನಮ್ಮವರು ಓಡಲಾಗದು, ಆದರೆ ಯಾರನ್ನು ಗಮನಿಸಬೇಕು ಎಂದು ಗೊತ್ತಾದರೆ ಗಮನಿಸಬಹುದು ಎಂದರು. ಅಲ್ಲಿಂದ ಹುಟ್ಟಿದ್ದು ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಬ್ಯಾಗಿಗೆ ಕಟ್ಟಿಕೊಂಡವರನ್ನು ಕಂಡರೆ ಸ್ಟೇಷನ್ನಿನವರೂ ಬಸ್ ಚಾಲಕರೂ ನಿಧಾನವಾಗಿ ಮಾತಾಡಬೇಕು, ಅವಸರ ಮಾಡಬಾರದು, ಏನಾದರೂ ಎಡವಟ್ಟು ಕಂಡರೆ ತಾವಾಗಿ ಸಹಾಯಕ್ಕೆ ಹೋಗಬೇಕು.

ಬೇರೆ ತಾಯಂದಿರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಭಯವಾಯಿತು. ಸಹಾಯ ಮಾಡುವವರಿಗೆ ಕಾಣುವ ಬಣ್ಣ ಕೆಟ್ಟವರಿಗೂ ಕಾಣುತ್ತದಲ್ಲ? ಈ ಹುಡುಗಿಗೆ ತಿಳಿಯುವುದಿಲ್ಲ, ಯಾರು ಕರೆದರೂ ಬರುತ್ತಾಳೆ ಎಂದು ನಾನೇ ಅವಳ ಬೆನ್ನಿಗೆ ಬೋರ್ಡು ಹಾಕಿ ಕಳಿಸಿದಂತಲ್ಲವೇ? ಮನೆಗೆ ಬಂದು ಇವರಿಗೆ ಹೇಳಿದೆ.

“ಸಿಂಗಪುರ ಕಣೇ ಇದು. ಇಷ್ಟು ಸೇಫ್ ಊರು ಇನ್ನೆಲ್ಲಿದೆ?” ಎಂದರು ಇವರು.

“ಊರು ಸೇಫ್ ಇರತ್ತೆ ರೀ. ಊರಲ್ಲಿರೋ ಒಬ್ಬ ಸೇಫ್ ಇಲ್ಲದಿದ್ರೆ ಸಾಕು,” ಎಂದೆ.

 ಪಟ್ಟಿಯನ್ನು ನಾನೇ ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ.

ಓಡಾಟ ಕಲಿಸಲು ಕೆಲಸದ ಮನೆಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ, ಕಾಲಿಗೆ ಓಟಗಾರರ ಬೂಟು. ಮಗಳು ಅವರನ್ನು ಟೀಚರ್ ಎನ್ನುತ್ತಿದ್ದಳು. ಮೊದಲು ಅವಳ ಪಕ್ಕದಲ್ಲಿ ನಡೆದರು, ಆಮೇಲೆ ಹಿಂದೆ, ಆಮೇಲೆ ಅದೇ ರೈಲಿನ ಇನ್ನೊಂದು ಬೋಗಿಯಲ್ಲಿ. ಸ್ಟೇಷನ್ ಹೆಸರು ಓದುವುದು ಬೇಡ, ಕಿವಿಯನ್ನು ನಂಬುವುದು ಬೇಡ, ಕಣ್ಣಿಗೆ ಕಾಣುವುದನ್ನು ಹಿಡಿದುಕೋ ಎಂದು ಕಲಿಸಿದರು. ರೈಲು ಕತ್ತಲೆಯ ಸುರಂಗಕ್ಕೆ ಹೋಗುತ್ತದೆ, ಹೆದರಬಾರದು. ಮತ್ತೆ ಬೆಳಕಿಗೆ ಬಂದ ಕೂಡಲೆ ಕಲ್ಲಾಂಗ್, ಅಲ್ಲಿ ಬ್ಯಾಗು ತೊಡೆಯ ಮೇಲಿಂದ ಹೆಗಲಿಗೆ ಹಾಕಿಕೊಳ್ಳಬೇಕು. ಅದು ಕಳೆದು ಇನ್ನೊಂದು ಸ್ಟೇಷನ್ ಬಂದಾಗ ಏಳಬೇಕು, ಅದರ ಮುಂದಿನದರಲ್ಲಿ ಇಳಿಯಬೇಕು. ಮಗಳು ಮನೆಯಲ್ಲೂ ಇದನ್ನೇ ಆಡುತ್ತಿದ್ದಳು. ಕಣ್ಣು ಮುಚ್ಚಿ “ಕತ್ತಲೆ” ಎನ್ನುವಳು, ಬಿಟ್ಟು “ಕಲ್ಲಾಂಗ್” ಎಂದು ಬ್ಯಾಗು ಹೆಗಲಿಗೇರಿಸುವಳು. ಫೋನ್ ಒಂದನ್ನು ಕೊಟ್ಟಿದ್ದೆವು. ಅದು ಬ್ಯಾಗಿನಲ್ಲಿ ಬಡಿದುಕೊಂಡರೆ ಅವಳಿಗೆ ದಿಗಿಲು, ಹಾಗಾಗಿ ಆಫ್ ಮಾಡಿಟ್ಟುಕೊಳ್ಳುತ್ತಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ.

ಕೊನೆಗೆ ಟೀಚರ್ ಹೇಳಿದರು, ಇನ್ನು ನಾನು ಹಿಂದೆ ಹೋಗುವುದಿಲ್ಲ, ಅವಳಿಗೆ ಬರುತ್ತದೆ. ನೀವೂ ಹೋಗಬಾರದು. ಬೇಕಾದರೆ ಉಬಿಯ ಬಸ್ ಸ್ಟಾಪಿನಲ್ಲಿ ಕಾಯಿರಿ.

ಆ ಬೆಳಿಗ್ಗೆ ಅವಳಿಗೆ ಚಪಾತಿ ಪಲ್ಯ ಕಟ್ಟಿಕೊಟ್ಟು, ಹಣೆಗೆ ಕುಂಕುಮ ಇಟ್ಟು, ನೀರಿನ ಬಾಟಲಿ ಕೊಟ್ಟು ಕಳಿಸಿದೆ. ಮೋಡ ಕಟ್ಟಿತ್ತು, ಛತ್ರಿಯನ್ನೂ ಕೈಯಲ್ಲಿ ಹಿಡಿಸಿದೆ. ಅವಳು ಕಾರಿಡಾರಿನಲ್ಲಿ ತನ್ನ ಪಾಡಿಗೆ ನಡೆದುಹೋದಳು. ತಿರುಗಿ ನೋಡಲಿಲ್ಲ. ಇವರು ಆಫೀಸಿಗೆ ಹೋಗಿಯಾಗಿತ್ತು. ನಾನು ಮನೆ ಬೀಗ ಹಾಕಿಕೊಂಡು ಟ್ಯಾಕ್ಸಿ ಹಿಡಿದೆ. ಹೆದ್ದಾರಿಯಲ್ಲಿ ಹೋಗುವಾಗಲೂ ಮನಸ್ಸಿನಲ್ಲಿ ಅವಳ ರೈಲೇ ಓಡುತ್ತಿತ್ತು. ಈಗ ಕತ್ತಲೆಗೆ ಹೋಗಿರಬೇಕು. ಈಗ ಕಲ್ಲಾಂಗ್.

ಉಬಿಯ ಆ ಸ್ಟಾಪಿನ ಎದುರಿಗೆ ಒಂದು ಕಾರ್ ರಿಪೇರಿ ಅಂಗಡಿ. ಟಣ್ ಟಣ್ ಎಂದು ತಗಡು ಬಡಿಯುತ್ತಿದ್ದರು. ಒಂದು ಬಸ್ಸು ಬಂತು, ಇಳಿದವರಲ್ಲಿ ಅವಳಿಲ್ಲ. ಇನ್ನೊಂದು ಬಂತು. ಮುಂಚೆಯೇ ಬಂದು ಒಳಗೆ ಹೋಗಿರಬಹುದೆಂದು ಕೆಲಸದ ಮನೆಗೆ ಫೋನ್ ಮಾಡಿದೆ, ಬಂದಿಲ್ಲ ಎಂದರು. ಮೂರನೆಯ ಬಸ್ಸಿಗೆ ನಾನು ಬಾಗಿಲಿಗೇ ಹೋಗಿ ನಿಂತೆ, ಚಾಲಕರು ಹತ್ತುತ್ತೀಯಾ ಇಲ್ಲವಾ ಎಂದು ಕೈ ಮಾಡಿದರು. ಆಮೇಲಿನ ಬಸ್ಸುಗಳನ್ನು ನಾನು ಎಣಿಸಲಿಲ್ಲ.

ಅಷ್ಟರಲ್ಲಿ ಟೀಚರ್ ಓಡಿ ಬಂದರು. ಅವರ ಮುಖದಲ್ಲಿ ಯಾವತ್ತೂ ಏನೂ ಕಾಣುತ್ತಿರಲಿಲ್ಲ, ಆಗ ಕಂಡಿತು. ಅವರು ಪಾಯಾ ಲೇಬಾರ್ ಸ್ಟೇಷನ್ನಿಗೆ ಹೊರಟರು. ನಾನು ಇವರಿಗೆ ಫೋನ್ ಮಾಡಿದೆ. “ಪುಟ್ಟಿ ಬಂದಿಲ್ಲ ರೀ,” ಎಂದೆ. ಇವರು ಆಫೀಸಿನಿಂದಲೇ ಎಂ.ಆರ್.ಟಿ. ಹಿಡಿದು ಆ ಲೈನಿನ ಕೊನೆಯ ಸ್ಟೇಷನ್ನಿಗೆ ಹೊರಟರು. ನಿದ್ದೆ ಮಾಡಿಬಿಟ್ಟಿದ್ದರೆ ಅಲ್ಲಿಗೇ ಹೋಗಿರುತ್ತಾಳೆ ಎನ್ನುವುದು ಅವರ ಲೆಕ್ಕ. ಸ್ಟೇಷನ್ನಿನವರು ಮುಂದಿನ ಸ್ಟೇಷನ್ನುಗಳಿಗೆಲ್ಲ ತಿಳಿಸಿದರು. ಕಿತ್ತಳೆ ಪಟ್ಟಿ, ನೀಲಿ ಟಿ-ಶರ್ಟ್, ಹಣೆಯಲ್ಲಿ ಕುಂಕುಮ. ಕಲ್ಲಾಂಗ್‌ನಲ್ಲಿ ನೋಡಿದರು, ಇಲ್ಲ. ಪ್ಲಾಟ್‌ಫಾರ್ಮಿನ ಬೆಂಚುಗಳಲ್ಲಿ ನೋಡಿದರು, ಇಲ್ಲ.

ಪೊಲೀಸರಿಗೆ ಫೋನ್ ಮಾಡಿದವರು ಯಾರೆಂದು ನೆನಪಿಲ್ಲ. ಇಬ್ಬರು ಬಂದರು, ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೆ. ಅವಳು ಅಪರಿಚಿತರ ಜೊತೆ ಹೋಗುವವಳೇ ಎಂದು ಒಬ್ಬ ಕೇಳಿದ. ಅದು ಅವನು ಕೇಳಲೇಬೇಕಾದ ಪ್ರಶ್ನೆ. ಹೌದೆಂದು ತಲೆ ಆಡಿಸಿದೆ. ಅದೊಂದು ಕ್ಷಣದಲ್ಲಿ ಏನೇನು ಕಂಡೆನೋ ಇವತ್ತಿಗೂ ಯಾರಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ನನ್ನ ಕೈಯಾರೆ ಕಟ್ಟಿದ ಆ ಪಟ್ಟಿಯ ಗಂಟು ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಮಳೆ ಶುರುವಾಯಿತು. ಎದುರು ಅಂಗಡಿಯವರು ಒಂದು ಸ್ಟೂಲ್ ತಂದು ಹಾಕಿದರು. ನಾನು ಕೂರಲಿಲ್ಲ, ಕೂತರೆ ಏಳಲಾರೆ ಎನಿಸಿತ್ತು. ಚಾಮುಂಡಿಗೆ ಹರಕೆ ಹೊತ್ತೆ, ನಂಜುಂಡನಿಗೆ ಹೊತ್ತೆ, ಆಮೇಲೆ ದೇವರೆಲ್ಲ ಮುಗಿದು ಅವಳನ್ನೇ ಬೇಡಿಕೊಳ್ಳತೊಡಗಿದೆ. ಬಾ ಕಂದ, ಬಂದುಬಿಡು.

ಊಟದ ಹೊತ್ತು ಹತ್ತಿರವಾದಾಗ ಒಂದು ಬಸ್ಸು ನಿಂತಿತು. ಅವಳು ಇಳಿದಳು. ಇಳಿಯುವ ಮುಂಚೆ ಚಾಲಕರಿಗೆ “ಥ್ಯಾಂಕ್ಯೂ ಅಂಕಲ್” ಎಂದಳು, ಕಾರ್ಡ್ ಮುಟ್ಟಿಸಿದಳು, ಛತ್ರಿ ಬಿಚ್ಚಿದಳು. ಎಲ್ಲ ಕಲಿಸಿದ ಹಾಗೇ. ನಾನು ಓಡಿಹೋಗಿ ಅವಳನ್ನು ತಬ್ಬಿಕೊಂಡೆ ಎಂದು ಬರೆಯಬೇಕು. ಹಾಗಾಗಲಿಲ್ಲ. ಎರಡೂ ರೆಟ್ಟೆ ಹಿಡಿದು ಅಲ್ಲಾಡಿಸಿ ಕಿರುಚಿದೆ.

“ಎಲ್ಲಿಗೆ ಹೋಗಿದ್ದೆ? ಎಲ್ಲಿಗೆ ಹೋಗಿದ್ದೆ ಹೇಳೇ!”

ಅವಳು ಹೆದರಿದಳು. ಪೊಲೀಸರನ್ನು ನೋಡಿ ಇನ್ನೂ ಹೆದರಿದಳು. ನನ್ನ ಮುಖ ಬಿಟ್ಟು ಪಕ್ಕಕ್ಕೆ ನೋಡುತ್ತಾ ಹೇಳಿದಳು, “ಹಿಂದಿಂದ ಕರೆದ್ರು.”

“ಯಾರು? ಯಾರು ಕರೆದ್ರು?”

“ಅಂಕಲ್.”

ಪೊಲೀಸಿನವನು ಏನಂದಳು ಎಂದು ನನ್ನನ್ನು ಕೇಳುತ್ತಿದ್ದ. ಯಾರೋ ಒಬ್ಬ ಗಂಡಸು ಕರೆದನಂತೆ ಎಂದೆ. ಎಲ್ಲಿಗೆ ಕರೆದುಕೊಂಡು ಹೋದ ಎಂದು ಕೇಳಿ ಎಂದ. ಕೇಳಿದೆ. ಅವಳು ನನ್ನನ್ನು, ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ ನೋಡಿದಳು.

“ಮನೆಗೆ ಹೋದೆ. ನೀರು ಕುಡಿದೆ. ಮಾಮಿಗೆ ಕೈ ಮುಗಿದೆ. ಆಮೇಲೆ ಬಂದೆ.”

ಮಾಮಿ ಎಂದರೆ ಅವಳ ಭಾಷೆಯಲ್ಲಿ ದೇವರು. ಆಗ ಗೊತ್ತಾಯಿತು. ಅಲ್ಲೇ ಆ ಸ್ಟೂಲಿನ ಮೇಲೆ ಕುಸಿದು ಕೂತೆ.

ನಮ್ಮ ಅತ್ತೆ ಬದುಕಿದ್ದಷ್ಟು ದಿನ ವರ್ಷದಲ್ಲಿ ಕೆಲವು ತಿಂಗಳು ನಮ್ಮ ಜೊತೆ ಇರುತ್ತಿದ್ದರು. ಇದ್ದಾಗಲೆಲ್ಲ ಮೊಮ್ಮಗಳನ್ನು ಶಾಲೆಯ ವ್ಯಾನಿಗೆ ಬಿಡುವ ಕೆಲಸ ಅವರದು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎನ್ನುವುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಅಪ್ಪಿತಪ್ಪಿ ನಾನು, “ಅತ್ತೆ, ಟಿಫನ್ ಡಬ್ಬಿ ಬಿಟ್ರಿ” ಎಂದು ಕೂಗಿದೆನೋ, ಮುಗಿಯಿತು. ಕೆಳಗೆ ವ್ಯಾನ್ ಹಾರ್ನ್ ಹೊಡೆಯುತ್ತಿದ್ದರೂ ಸರಿ, ಮೊಮ್ಮಗಳನ್ನು ಎಳೆದುಕೊಂಡು ಒಳಗೆ ಬಂದು, ಒಂದು ಗಳಿಗೆ ಕೂತು, ಇಬ್ಬರೂ ಒಂದು ಗುಟುಕು ನೀರು ಕುಡಿದು, ದೇವರಿಗೆ ಕೈ ಮುಗಿದು ಮತ್ತೆ ಹೊರಡಬೇಕು. ನಾನು ಹಲ್ಲು ಕಚ್ಚಿಕೊಂಡು, ವ್ಯಾನಿನ ಆಂಟಿಗೆ ಸಾರಿ ಹೇಳುತ್ತಿದ್ದೆ. ಅತ್ತೆ ಹೋಗಿ ವರ್ಷದ ಮೇಲಾಗಿತ್ತು. ನಾವೆಲ್ಲ ಅದನ್ನು ಮರೆತಿದ್ದೆವು. ಕಲಿತದ್ದನ್ನು ಮರೆಯದವಳು ಮನೆಯಲ್ಲಿ ಒಬ್ಬಳೇ.

ಆಗಿದ್ದು ಇಷ್ಟು. ಕ್ಲೆಮೆಂಟಿ ಸ್ಟೇಷನ್ನಿನಲ್ಲಿ ಅವಳು ಛತ್ರಿಯನ್ನು ಗೇಟಿನ ಪಕ್ಕ ಒರಗಿಸಿ, ಕಾರ್ಡ್ ಮುಟ್ಟಿಸಿ ಒಳಗೆ ಹೋಗಿದ್ದಳು. ಅಲ್ಲಿದ್ದ ಸಿಬ್ಬಂದಿಯೊಬ್ಬರು ಕಿತ್ತಳೆ ಪಟ್ಟಿ ನೋಡಿದರು. ಹಿಂದಿನ ವಾರವಷ್ಟೇ ಅವರಿಗೆ ತರಬೇತಿಯಾಗಿತ್ತು, ಸಹಾಯಕ್ಕೆ ತಾವಾಗಿ ಹೋಗಿ ಎಂದು. ಛತ್ರಿ ಎತ್ತಿಕೊಂಡು “ಗರ್ಲ್! ಗರ್ಲ್!” ಎಂದು ಬೆನ್ನ ಹಿಂದಿನಿಂದ ಕೂಗಿದರು. ಅವಳು ತಿರುಗಿ ಬಂದಳು, ಛತ್ರಿ ತೆಗೆದುಕೊಂಡು ಥ್ಯಾಂಕ್ಯೂ ಎಂದಳು, ಗೇಟಿನಿಂದ ಹೊರಗೆ ಬಂದು ಮನೆಯ ಕಡೆ ನಡೆದಳು. ಇನ್ನೇನೋ ಮರೆತಿರಬೇಕು ಎಂದುಕೊಂಡು ಅವರು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಅವರ ಪಾಳಿ ಮುಗಿದು ಮನೆಗೆ ಹೋದರು, ಹಾಗಾಗಿ ಗಲಾಟೆ ಅವರಿಗೆ ತಿಳಿಯಲೇ ಇಲ್ಲ. ಆ ಪಟ್ಟಿ, ಆ ತರಬೇತಿ ಹುಟ್ಟಿದ್ದೇ ಸಭೆಯಲ್ಲಿ ನಾನಾಡಿದ ಮಾತಿನಿಂದ. ನಾವೆಲ್ಲ ಹುಡುಕಿದ್ದು ಮುಂದೆ, ರೈಲು ಹೋಗುವ ದಿಕ್ಕಿನಲ್ಲಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗೆ ಅವಳು ನಮ್ಮ ಮನೆ ಬಾಗಿಲಲ್ಲೇ ಇದ್ದಳು.

ಅಲ್ಲಿ ಅಷ್ಟು ಹೊತ್ತು ಏನು ಮಾಡುತ್ತಿದ್ದಳು ಎಂದು ಸಂಜೆ ಹೇಳಿದವರು ಪಕ್ಕದ ಮನೆಯ ಚೀನೀ ಆಂಟಿ. ಅವರು ಮಾರ್ಕೆಟ್ಟಿನಿಂದ ಬಂದಾಗ ಮಗಳು ನಮ್ಮ ಬೀಗ ಹಾಕಿದ ಕಬ್ಬಿಣದ ಬಾಗಿಲ ಮುಂದೆ ಕೂತಿದ್ದಳಂತೆ. ಎದ್ದು ಬಾಗಿಲು ಬಡಿಯುವುದು, ಮತ್ತೆ ಕೂರುವುದು. ನೀರು ಕುಡಿದಾಗಿತ್ತು, ಆದರೆ ದೇವರು ಒಳಗಿದ್ದ. ಮಮ್ಮಿ ಮನೆಯಲ್ಲಿಲ್ಲ, ನಮ್ಮ ಮನೆಯೊಳಗೆ ಬಾ ಎಂದು ಆಂಟಿ ಎಷ್ಟು ಕರೆದರೂ ಬರಲಿಲ್ಲವಂತೆ. ಆಂಟಿಯ ಬಾಗಿಲ ಹೊರಗೆ ಗೋಡೆಗೆ ಕೆಂಪು ಗೂಡಿನಲ್ಲಿ ಅವರ ದೇವರು. ಅವರು ಎಂದಿನಂತೆ ಅದರ ಮುಂದೆ ಊದುಬತ್ತಿ ಹಚ್ಚಿದರು. ಮಗಳು ಅದನ್ನು ನೋಡಿದಳು. ಎದ್ದು ಬಂದು, ಚಪ್ಪಲಿ ಬಿಟ್ಟು, ಆ ದೇವರಿಗೆ ಕೈ ಮುಗಿದು, ತನ್ನ ಸುತ್ತಲೇ ಒಂದು ಸುತ್ತು ಸುತ್ತಿ, ಬ್ಯಾಗು ಹಾಕಿಕೊಂಡು ಲಿಫ್ಟಿನ ಕಡೆ ಹೋದಳು.

“ನೀವು ಅವಳನ್ನು ಹಾಗೇ ಬಿಟ್ಟುಬಿಟ್ಟಿರಾ?” ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು.

ಆಂಟಿಗೆ ಆಶ್ಚರ್ಯವಾಯಿತು. ಕೆಲಸಕ್ಕೆ ಹೋಗುತ್ತೇನೆ ಎಂದಳಲ್ಲ, ದೊಡ್ಡ ಹುಡುಗಿ ತಾನೇ ಎಂದರು.

ಮುಂದಿನ ವಾರ ಕೆಲಸದ ಮನೆಯಲ್ಲಿ ಸಭೆ ಕರೆದರು. ಆ ಇಡೀ ವಾರ ಅವಳನ್ನು ನಾನೇ ಕರೆದುಕೊಂಡು ಹೋಗಿ ಬಂದಿದ್ದೆ, ರೈಲಿನಲ್ಲಿ ಅವಳ ಮಣಿಕಟ್ಟು ಬಿಡದೆ. ರಾತ್ರಿ ಅವಳ ಕೋಣೆಯ ಬಾಗಿಲು ತೆರೆದಿಟ್ಟು ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಸಭೆಗೆ ಮ್ಯಾನೇಜರ್, ಟೀಚರ್, ಸ್ಟೇಷನ್ನಿನ ಆ ಅಧಿಕಾರಿ, ಇವರು, ನಾನು ಸೇರಿದೆವು. ಮಗಳನ್ನೂ ಕೂರಿಸಿದ್ದರು. ಅಧಿಕಾರಿ ಮೊದಲು ಕ್ಷಮೆ ಕೇಳಿದರು. ನನಗೆ ಮುಜುಗರವಾಯಿತು. ನಮ್ಮ ಅತ್ತೆಯ ಪದ್ಧತಿಗೆ ಆ ಮನುಷ್ಯ ಯಾಕೆ ಕ್ಷಮೆ ಕೇಳಬೇಕು? ಎಲ್ಲವನ್ನೂ ವಿವರಿಸಿ ಹೇಳಿದೆ. ಅವರು ನಗಲಿಲ್ಲ. ಬೆನ್ನ ಹಿಂದಿನಿಂದ ಕೂಗಿದರೆ ಬೆಚ್ಚಿ ಓಡುವ ಹುಡುಗರೂ ಇದ್ದಾರೆ, ಇನ್ನು ಮೇಲೆ ನಮ್ಮವರು ಯಾರನ್ನೂ ಹಿಂದಿನಿಂದ ಕರೆಯುವುದಿಲ್ಲ, ಎದುರಿಗೆ ಹೋಗಿ ಮುಖ ತೋರಿಸಿ ಮಾತಾಡುತ್ತಾರೆ ಎಂದರು. ಅದನ್ನು ತರಬೇತಿಯಲ್ಲಿ ಸೇರಿಸಿಯೂ ಸೇರಿಸಿದರು.

ಆಮೇಲೆ ಮ್ಯಾನೇಜರ್ ಮಾತಾಡಿದರು. ನಡೆದದ್ದನ್ನು ಗಮನಿಸಿ ನಿಮ್ಮ ಮಗಳಿಗೆ ವ್ಯಾನಿನಲ್ಲಿ ಹೇಗಾದರೂ ಒಂದು ಸೀಟು ಹೊಂದಿಸುತ್ತೇವೆ ಎಂದರು. ಮನೆಯ ಕೆಳಗೇ ಬರುತ್ತದೆ. ಒಂದೇ ನಿಯಮ, ಹತ್ತಿಸುವಾಗಲೂ ಇಳಿಸಿಕೊಳ್ಳುವಾಗಲೂ ಮನೆಯವರೊಬ್ಬರು ಇರಲೇಬೇಕು. ಕೈಯಿಂದ ಕೈಗೆ ಒಪ್ಪಿಸದೆ ನಾವು ಬಿಡುವುದಿಲ್ಲ.

ಇವರು ನನ್ನ ಕಡೆ ತಿರುಗಿದರು. “ಒಪ್ಕೊಳ್ಳೋಣ ಕಣೇ. ಇನ್ನೊಂದ್ಸಲ ಆ ಥರ ಆದ್ರೆ ನಂಗೆ ತಡ್ಕೊಳ್ಳೋಕ್ಕಾಗಲ್ಲ,” ಎಂದರು ಮೆಲ್ಲಗೆ. ಅವರ ಕಣ್ಣು ತುಂಬಿತ್ತು. ನನಗೂ ಅದೇ ಬೇಕಾಗಿತ್ತು. ಹೂಂ ಎನ್ನಲು ಬಾಯಿ ತೆರೆದೂ ಆಗಿತ್ತು.

ಆಗ ಟೀಚರ್, ಅವಳನ್ನು ಒಂದು ಮಾತು ಕೇಳಲೇ ಎಂದರು. ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಆ ದಿನ ಹೆದರಿಕೆ ಆಯಿತಾ ಎಂದು ಕೇಳಿದರು. ಒಂದು ವಾರದಲ್ಲಿ ಎಷ್ಟೋ ಸಲ ಎಲ್ಲಿಗೆ ಹೋಗಿದ್ದೆ, ಯಾಕೆ ಹೋದೆ ಎಂದು ಕೇಳಿದ್ದ ನಾವು ಇದನ್ನು ಕೇಳಿರಲಿಲ್ಲ.

ಮಗಳು ರಿಬ್ಬನ್ ತುಂಡೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಟೀಚರ್ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ನನಗೆ ಹೇಳಿದಳು.

“ಆಯ್ತು. ಬಾಗಿಲು ಲಾಕ್. ಅಮ್ಮಾ ಅಂತ ಕರೆದೆ, ಅಮ್ಮ ಇಲ್ಲ. ಬಡಿದೆ, ಅಮ್ಮ ಇಲ್ಲ. ಅಮ್ಮ ಕಳೆದುಹೋದ್ಲು.”

ನಾನು ಒಂದೊಂದೇ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಏನು ಮಾಡಿದೆ ಎಂದು ಟೀಚರ್ ಕೇಳಿದರು.

“ಅತ್ತುಬಿಟ್ಟೆ,” ಎಂದಳು. “ನೀರು ಕುಡಿದೆ. ಅಮ್ಮ ಸಿಗಲಿಲ್ಲ. ಕೆಲಸಕ್ಕೆ ಹೋದೆ.”

ಇದನ್ನು ಇಂಗ್ಲಿಷಿಗೆ ತರಲು ನನ್ನಿಂದಾಗಲಿಲ್ಲ. ಅವಳು ಹುಟ್ಟಿದ ವರ್ಷದಿಂದ ನಾನು ಹೆದರುತ್ತಾ ಬಂದದ್ದು ರೈಲಿಗೂ ಅಲ್ಲ, ಯಾವ ಅಂಕಲ್ಲಿಗೂ ಅಲ್ಲ. ಒಂದು ದಿನ ಅವಳು ಬಂದು ಬಾಗಿಲು ಬಡಿಯುತ್ತಾಳೆ, ಒಳಗೆ ನಾನಿರುವುದಿಲ್ಲ. ಆ ದಿನವನ್ನು ಅವಳು ಆಗಲೇ ಒಬ್ಬಳೇ ನೋಡಿ ಬಂದಿದ್ದಳು. ಅದೇ ಹೊತ್ತಿಗೆ ನಾನು ಉಬಿಯ ಬಸ್ ಸ್ಟಾಪಿನಲ್ಲಿ ಅವಳಿಗಾಗಿ ದೇವರಿಗೆ ಹರಕೆ ಹೊರುತ್ತಿದ್ದೆ.

ಎಲ್ಲರೂ ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದರು. 

“ವ್ಯಾನ್ ಬೇಡ ಅಂತ ಹೇಳಿ ರೀ,” ಎಂದೆ ಇವರಿಗೆ. “ನಂಗೆ ಹೇಳೋಕ್ಕಾಗ್ತಿಲ್ಲ.”

ಇವರು ಕಣ್ಣೊರೆಸಿಕೊಂಡರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ವ್ಯಾನ್ ಬೇಡ, ಅವಳೇ ಓಡಾಡುತ್ತಾಳೆ ಎಂದರು.